ಸಂಪಾದಕರ ಉತ್ತರ: ಬಸವನಗುಡಿಯಲ್ಲಿ ಹೊಸ ಮನೆ ಕಟ್ಟೋದು ತಪ್ಪಾ?

ಪತ್ರ ಬರೆದವರು ಬಸವನಗುಡಿಯ ಒಬ್ಬ ನಿವೃತ್ತ ಮೇಷ್ಟ್ರು. ಹೆಸರು ಹಾಕಬೇಡಿ ಎಂದಿದ್ದಾರೆ. ಹಳೇ ಬಡಾವಣೆಗಳಲ್ಲಿ ಇನ್ನಷ್ಟು ಮನೆಗಳಿಗೆ ಜಾಗ ಮಾಡಿಕೊಡಬೇಕು ಎಂದು ಹೋದ ಸಂಚಿಕೆಯಲ್ಲಿ ನಾವು ಬರೆದಿದ್ದು ಅವರಿಗೆ ನೋವು ತಂದಿದೆ. ಅವರ ರಸ್ತೆಯಲ್ಲಿ ಹೆಂಚಿನ ಮನೆಗಳು ಒಂದೊಂದಾಗಿ ಹೋಗುತ್ತಿವೆ. ಪಕ್ಕದ ಸೈಟಿನಲ್ಲಿ ನಾಲ್ಕು ಮಹಡಿ ಎದ್ದಿದೆ. ಎದುರಿನ ಮನೆ ಕೆಫೆ ಆಗಿದೆ. ಮಳೆ ಬಂದರೆ ಮ್ಯಾನ್‌ಹೋಲ್ ಉಕ್ಕುತ್ತದೆ. ‘ಇದನ್ನು ನೀವು ಬೆಳವಣಿಗೆ ಅಂತೀರಾ?’ ಎಂದು ಕೇಳಿದ್ದಾರೆ. ಕೊನೆಗೆ ತಮ್ಮ ಸ್ವಂತ ವಿಷಯ ಬರೆದಿದ್ದಾರೆ. 40x60 ಸೈಟು, ಹಳೇ ಮನೆ, ಹಿಂದೊಂದು ಔಟ್‌ಹೌಸು. ಬಿಲ್ಡರಿಗೆ ಕೊಟ್ಟುಬಿಡಿ ಎಂದು ಮಕ್ಕಳು ಒತ್ತಾಯ ಮಾಡುತ್ತಿದ್ದಾರೆ. ಏನು ಮಾಡಲಿ ಎಂಬುದು ಅವರ ಪ್ರಶ್ನೆ.

ಮೇಷ್ಟ್ರೇ, ನಮಸ್ಕಾರ.

ಮೊದಲು ಒಪ್ಪುವ ಮಾತು. ನಿಮ್ಮ ಪತ್ರ ಓದಿದ ಮೇಲೆ ಆ ರಸ್ತೆಗೆ ಹೋಗಿ ಪಕ್ಕದ ಕಟ್ಟಡ ನೋಡಿ ಬಂದೆ. ನೆಲಮಹಡಿ ಪೂರ್ತಿ ಕಾರಿಗೆ ಬಿಟ್ಟಿದ್ದಾರೆ. ಸೈಟಿನ ಅಗಲಕ್ಕೂ ಕಬ್ಬಿಣದ ಗೇಟು. ಕಾರು ಹತ್ತಲು ಮಾಡಿದ ಇಳಿಜಾರು ಗೇಟಿನಿಂದ ಆಚೆ ಬಂದು, ಫುಟ್‌ಪಾತ್ ನುಂಗಿ, ರಸ್ತೆವರೆಗೂ ಚಾಚಿದೆ. ಅದರ ಮೇಲೆ ಜಾರದಿರಲಿ ಅಂತ ಅಡ್ಡಡ್ಡ ಗೆರೆ ಕೊರೆದಿದ್ದಾರೆ. ಒಬ್ಬ ಅಜ್ಜಿ ಹೂವಿನ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಬಂದರು, ಆ ಇಳಿಜಾರಿನ ಹತ್ತಿರ ರಸ್ತೆಗೆ ಇಳಿದರು, ಆಟೋ ಹೋಗುವವರೆಗೆ ನಿಂತರು, ದಾಟಿದ ಮೇಲೆ ಮತ್ತೆ ಫುಟ್‌ಪಾತ್ ಹತ್ತಿದರು. ಬೀದಿ ಕಡೆ ನೋಡುವ ಒಂದು ಕಿಟಕಿ ಬೇಕೆಂದರೆ ಕತ್ತೆತ್ತಿ ಮೊದಲ ಮಹಡಿ ನೋಡಬೇಕು. ಕೆಳಗೆ ಒಂದು ಟ್ಯೂಬ್‌ಲೈಟು, ಸೆಕ್ಯೂರಿಟಿಯವರ ಪ್ಲಾಸ್ಟಿಕ್ ಕುರ್ಚಿ, ಅಷ್ಟೇ.

ಇದು ನನಗೂ ಸರಿ ಕಾಣಲಿಲ್ಲ. ಆದರೆ ಆ ಕಟ್ಟಡದಲ್ಲಿ ಇರುವ ಸಂಸಾರಗಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅದರ ಎತ್ತರವೂ ನನ್ನನ್ನು ಅಷ್ಟು ಕಾಡಲಿಲ್ಲ. ಕಾಡಿದ್ದು ಅದರ ಕೆಳಗಿನ ಹತ್ತು ಅಡಿ. ಬಸವನಗುಡಿ ಉಳಿಯುತ್ತದೋ ಹೋಗುತ್ತದೋ ಎಂಬುದು ಆ ಹತ್ತು ಅಡಿಯಲ್ಲಿ ತೀರ್ಮಾನ ಆಗುತ್ತದೆ ಎಂದು ನಾನು ನಂಬಿದ್ದೇನೆ. ನಿಮಗೂ ನನಗೂ ಭಿನ್ನಾಭಿಪ್ರಾಯ ಇರುವುದು ಇಲ್ಲೇ.

ನೀವು ಬರೆದಿದ್ದೀರಿ, ‘ಬಸವನಗುಡಿ ಯಾವತ್ತೂ ಒಂಟಿ ಮನೆಗಳ ಶಾಂತ ಬಡಾವಣೆ’ ಅಂತ. ಶುರುವಿನಲ್ಲಿ ಹಾಗಿತ್ತು, ನಿಜ. 1890ರ ದಶಕದಲ್ಲಿ ಪೇಟೆಯ ಇಕ್ಕಟ್ಟು ತಗ್ಗಿಸಲು ಇದನ್ನೂ ಮಲ್ಲೇಶ್ವರವನ್ನೂ ರೂಪಿಸಿದರು. 1898ರಲ್ಲಿ ಪ್ಲೇಗ್ ಬಂತು. ಪೇಟೆ ಬಿಟ್ಟು ಹೊರಟ ಜನಕ್ಕೆ ಇಲ್ಲಿನ ಅಗಲ ರಸ್ತೆ, ಗಾಳಿ, ಬೆಳಕು ಜೀವ ಉಳಿಸುವ ಸಂಗತಿಗಳಾಗಿದ್ದವು. ಮನೆಗಳ ಹಿಂದಿನ ಕನ್ಸರ್ವೆನ್ಸಿ ಸಂದಿ ಇದೆಯಲ್ಲ, ಅದು ಪಾಯಿಖಾನೆ ತೆಗೆಯುವವರು ಹಿಂದಿನಿಂದಲೇ ಬಂದು ಹಿಂದಿನಿಂದಲೇ ಹೋಗಲಿ ಎಂದು ಬಿಟ್ಟ ದಾರಿ. ಸೈಟುಗಳನ್ನು ಜಾತಿ ನೋಡಿ ಬ್ಲಾಕ್ ಬ್ಲಾಕಾಗಿ ಹಂಚಿದ ಚರಿತ್ರೆಯೂ ಇದೆ. ಹಳೇ ಬೀದಿಯನ್ನು ಪ್ರೀತಿಸುವಾಗ ಇದನ್ನು ಮರೆಯಬಾರದು. ಯಾರಿಗೆ ಜಾಗ ಇತ್ತು, ಯಾರಿಗೆ ಇರಲಿಲ್ಲ ಎಂಬ ಪ್ರಶ್ನೆ ಇಲ್ಲಿ ಮೊದಲ ದಿನದಿಂದಲೂ ಇದೆ.

ಆಮೇಲೆ ಏನಾಯಿತು? ಒಂದು ಸೈಟಿಗೆ ಒಂದೇ ಮನೆ ಎಂಬುದು ಬಹಳ ದಿನ ನಿಲ್ಲಲಿಲ್ಲ. ಹಿತ್ತಲಲ್ಲಿ ಔಟ್‌ಹೌಸ್ ಬಂತು. ಪಕ್ಕದಲ್ಲಿ ವಠಾರ ಬಂತು. ತಾರಸಿ ಮೇಲೆ ಒಂದು ರೂಮು. ನ್ಯಾಷನಲ್ ಹೈಸ್ಕೂಲು ಶುರುವಾಗಿದ್ದು 1917ರಲ್ಲಿ, ನ್ಯಾಷನಲ್ ಕಾಲೇಜು 1945ರಲ್ಲಿ, ಬಿಎಂಎಸ್ ಇಂಜಿನಿಯರಿಂಗ್ ಕಾಲೇಜು 1946ರಲ್ಲಿ. ಊರುಗಳಿಂದ ಓದಲು ಬಂದ ಹುಡುಗರು ಎಲ್ಲಿರಬೇಕು? ಇಂಥ ರೂಮುಗಳಲ್ಲೇ. ನೀವೇ ಬರೆದಿದ್ದೀರಿ, ಹಾಸನ ಕಡೆಯಿಂದ ಬಂದಾಗ ಔಟ್‌ಹೌಸಿನಲ್ಲಿ ಬಾಡಿಗೆಗೆ ಇದ್ದೆ ಅಂತ. ಇವತ್ತು ಕೆಲಸಕ್ಕೆ ಸೇರಿದ ಒಬ್ಬ ಸ್ಕೂಲು ಮೇಷ್ಟ್ರು ತನ್ನ ಸಂಬಳದಲ್ಲಿ ನಿಮ್ಮ ರಸ್ತೆಯಲ್ಲಿ ಬಾಡಿಗೆಗೆ ಇರಬಲ್ಲರಾ? ಔಟ್‌ಹೌಸುಗಳು ಬಿದ್ದವು, ವಠಾರಗಳು ಹೋದವು. ಅವುಗಳ ಜಾಗಕ್ಕೆ ಬಂದಿದ್ದು ಮೂರು ಬೆಡ್‌ರೂಮಿನ ಫ್ಲ್ಯಾಟು. ಕಟ್ಟಡ ದೊಡ್ಡದಾಯಿತು, ಸಣ್ಣ ಮನೆ ಮಾಯ ಆಯಿತು. ಹಾಗಾಗಿ ‘ಕಟ್ಟಬೇಡಿ’ ಅನ್ನೋದಕ್ಕಿಂತ ‘ಸಣ್ಣ ಮನೆಗಳನ್ನು ಕಟ್ಟಿ’ ಅನ್ನೋದೇ ಹಳೇ ಬಸವನಗುಡಿಗೆ ಹತ್ತಿರದ ಮಾತು.

ಅಂಗಡಿ ವಿಷಯವೂ ಹೀಗೇ. ಗಾಂಧಿ ಬಜಾರ್ ಇಲ್ಲದ ಬಸವನಗುಡಿ ಯಾರಿಗೆ ಬೇಕು? ವಿದ್ಯಾರ್ಥಿ ಭವನ 1943ರಿಂದ ಅಲ್ಲೇ ದೋಸೆ ಹುಯ್ಯುತ್ತಿದೆ. ಹೂವು, ಬಾಳೆಎಲೆ, ಗ್ರಂದಿಗೆ ಅಂಗಡಿ, ಕಾಫಿಪುಡಿ ಅಂಗಡಿ, ಮೇಲೆ ಮನೆ. ಅಡ್ಡರಸ್ತೆಗಳ ಒಳಗೂ ಒಬ್ಬ ಟೈಲರ್, ಒಬ್ಬ ಇಸ್ತ್ರಿಯವರು, ಒಂದು ಹಾಲಿನ ಬೂತು ಇದ್ದೇ ಇರುತ್ತಿದ್ದರು. ಯಾರೂ ಅದನ್ನು ವಾಣಿಜ್ಯೀಕರಣ ಅನ್ನಲಿಲ್ಲ. ನಿಮ್ಮ ಎದುರಿನ ಕೆಫೆ ಬೇರೆ ಥರದ್ದು, ಒಪ್ಪುತ್ತೇನೆ. ಇಡೀ ಮನೆಯನ್ನೇ ತೆಗೆದುಕೊಂಡಿದೆ. ರಾತ್ರಿ ಹನ್ನೊಂದರವರೆಗೆ ಬಾಗಿಲು ತೆರೆದಿರುತ್ತದೆ, ಬೈಕುಗಳು ನಿಮ್ಮ ಗೇಟಿಗೆ ಅಡ್ಡ. ಅಲ್ಲಿ ರಾತ್ರಿ ಮಲಗುವವರು ಯಾರೂ ಇಲ್ಲ. ಒಂದು ಸಂಸಾರದ ಜಾಗ ಹೋಯಿತು, ಅಲ್ವಾ? ಮನೆಗಳ ಕೆಳಗೆ ಅಂಗಡಿ ಬಂದರೆ ಬೀದಿಗೆ ಜೀವ ಬರುತ್ತದೆ. ಮನೆಯನ್ನೇ ಅಂಗಡಿ ಮಾಡಿದರೆ ಹೋಗುತ್ತದೆ. ಬೆಂಗಳೂರಿನ ‘ಮಾಸ್ಟರ್ ಪ್ಲಾನ್ 2015’ 2007ರಲ್ಲಿ ಜಾರಿಗೆ ಬಂದಾಗ ವಸತಿ ಬಡಾವಣೆಗಳಲ್ಲಿ ವ್ಯಾಪಾರಕ್ಕೆ ಎಷ್ಟು ಜಾಗ ಎಂಬುದರ ಮೇಲೆ ದೊಡ್ಡ ಜಗಳ ಆಯಿತು. ನಿವಾಸಿಗಳು ಹೈಕೋರ್ಟ್ ಮೆಟ್ಟಿಲು ಹತ್ತಿದರು. ಅವರ ಆತಂಕ ಸುಮ್ನೆ ಹುಟ್ಟಿದ್ದಲ್ಲ. ಆದರೆ ಆ ಜಗಳದಲ್ಲಿ 150 ಚದರಡಿಯ ಟೈಲರ್ ಅಂಗಡಿಯನ್ನೂ ಮೂರು ಮಹಡಿಯ ರೆಸ್ಟೋರೆಂಟನ್ನೂ ಒಂದೇ ತಕ್ಕಡಿಗೆ ಹಾಕಿದ್ದು ನನಗೆ ಸರಿ ಕಾಣಲಿಲ್ಲ.

ಇನ್ನು ಹಳೇ ಮನೆಗಳನ್ನು ಉಳಿಸುವ ಮಾತು. ‘ಒಂದನ್ನೂ ಒಡೆಯಲು ಬಿಡಬಾರದು’ ಎಂದಿದ್ದೀರಿ. ಒಡೆಯಲು ಬಿಡದಿದ್ದರೆ ಉಳಿಯುತ್ತದಾ? ಮೈಸೂರನ್ನೇ ನೋಡಿ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಊರೇ ಹೆಮ್ಮೆ ಪಡುವ ಕಟ್ಟಡಗಳು. ದುರಸ್ತಿ ಆಗದ ಪರಂಪರೆ ಜನರ ತಲೆ ಮೇಲೇ ಬೀಳುತ್ತದೆ. ಸರ್ಕಾರಿ ಕಟ್ಟಡದ ಕತೆಯೇ ಹೀಗಾದರೆ ಪಿಂಚಣಿ ನಂಬಿದ ದಂಪತಿ ಮದ್ರಾಸ್ ತಾರಸಿಯ (ಮರದ ತೊಲೆ ಮೇಲೆ ಇಟ್ಟಿಗೆ, ಗಾರೆ ಹಾಕಿದ ಹಳೇ ಮಾದರಿ) ತೊಲೆ ಬದಲಿಸೋದು ಹೇಗೆ? ಅಂಥ ಕೆಲಸ ಗೊತ್ತಿರುವ ಗಾರೆಯವರೇ ಈಗ ಸಿಗೋದು ಕಷ್ಟ. ಜೊತೆಗೆ ಆಸ್ತಿ ಪಾಲು. ಅಪ್ಪ ಅಮ್ಮ ಹೋದ ಮೇಲೆ ನಾಲ್ಕು ಮಕ್ಕಳಿಗೆ ಒಂದು ಮನೆ. ಒಬ್ಬರು ಇನ್ನೊಬ್ಬರ ಪಾಲು ಕೊಳ್ಳಲಾಗದು, ಅಷ್ಟು ಬೆಲೆ. ಬಿಲ್ಡರ್ ಬಂದು ತಲೆಗೊಂದು ಫ್ಲ್ಯಾಟು ಕೊಡುತ್ತೇನೆ ಅನ್ನುತ್ತಾರೆ. ಆಗ ಮನೆ ಬೀಳುತ್ತದೆ. ನಮ್ಮ ಬೀದಿಗಳಲ್ಲಿ ಹೆಚ್ಚಿನ ಮನೆ ಬಿದ್ದಿರುವುದು ದುರಾಸೆಗಿಂತ ಪಾಲುಪಟ್ಟಿಯಿಂದ.

ದುಡ್ಡು ಮತ್ತು ಬುದ್ಧಿ ಎರಡೂ ಸೇರಿದರೆ ಏನಾಗುತ್ತದೆ ಅಂತ ನೋಡಲು ಪುದುಚೇರಿಗೆ ಹೋಗಬಹುದು. ಅಲ್ಲಿ ತಮಿಳರ ಭಾಗದಲ್ಲಿ ವೈಶ್ಯಾಳ್ ಬೀದಿ ಅಂತ ಇದೆ. ಸಾಲು ಮನೆಗಳ ಮುಂಭಾಗವನ್ನು, ಜಗಲಿ ಮತ್ತು ಅದರ ಮೇಲಿನ ಹೆಂಚಿನ ಇಳಿಮಾಡನ್ನು, ಹಳೇ ಕಟ್ಟಡಗಳನ್ನು ಉಳಿಸುವ ಸಂಸ್ಥೆ ಇಂಟ್ಯಾಕ್‌ನವರು ಮಾಲೀಕರ ಜೊತೆ ಸೇರಿ ಸರಿಮಾಡಿದರು. 2008ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂತು. ಅಲ್ಲಿ ನನಗೆ ಹಿಡಿಸಿದ್ದು ಇದು: ಬೀದಿಯ ಕಡೆಯ ಮುಖವನ್ನು ಎಲ್ಲರ ಸೊತ್ತು ಎಂದು ನೋಡಿದರು. ಇದಕ್ಕೆ ತದ್ವಿರುದ್ಧ ಮುಂಬೈನ ಭೇಂಡಿ ಬಜಾರ್. ಸುಮಾರು 16.5 ಎಕರೆ, ಸುಮಾರು 250 ಹಳೇ ಕಟ್ಟಡ, ಎಲ್ಲವನ್ನೂ ತೆಗೆದು ಗೋಪುರಗಳನ್ನು ಕಟ್ಟುವ ಯೋಜನೆ. ಸುಮಾರು 3200 ಸಂಸಾರಗಳನ್ನು ಅಲ್ಲೇ ಮತ್ತೆ ಇರಿಸುವ ಮಾತು ಕೊಟ್ಟಿದ್ದು ದೊಡ್ಡ ವಿಷಯ. ಕುಸಿಯುವ ಕಟ್ಟಡದಲ್ಲಿ ಹಲವರಿಗೆ ಒಂದೇ ಪಾಯಿಖಾನೆ ಇಟ್ಟುಕೊಂಡು ಬದುಕಿದವರಿಗೆ ಅದು ಬೇಕಾಗಿತ್ತು. ಬಸವನಗುಡಿಗೆ ಆ ಗತಿ ಬಂದಿಲ್ಲ. ಇಲ್ಲಿ ಒಂದೊಂದೇ ಸೈಟು, ಒಂದೊಂದೇ ಸಲ, ಪಕ್ಕದವರ ಅಳತೆ ನೋಡಿಕೊಂಡು ಕಟ್ಟಲು ಇನ್ನೂ ಸಾಧ್ಯ ಇದೆ. ಮೂರು ನಾಲ್ಕು ಸೈಟು ಕೂಡಿಸಿ ಒಂದೇ ಕಟ್ಟಡ ಎಬ್ಬಿಸುವವರನ್ನು ಮಾತ್ರ ನಾನು ಖಂಡಿತ ವಿರೋಧಿಸುತ್ತೇನೆ. ನಲವತ್ತು ಅಡಿಗೊಂದು ಬಾಗಿಲು ಇದ್ದ ಬೀದಿಯಲ್ಲಿ ನೂರಾ ಅರವತ್ತು ಅಡಿ ಕಾಂಪೌಂಡ್ ಗೋಡೆ ಬಂದರೆ ಅಲ್ಲಿ ಯಾರೂ ನಡೆಯೋದಿಲ್ಲ.

ಮ್ಯಾನ್‌ಹೋಲ್ ಬಗ್ಗೆ ನಿಮ್ಮದು ನೂರಕ್ಕೆ ನೂರು ನ್ಯಾಯ. ಹೊಸ ಕಟ್ಟಡದಿಂದ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. ಆ ದುಡ್ಡು ಅದೇ ರಸ್ತೆಯ ಒಳಚರಂಡಿ ಪೈಪಿಗೆ ಬರಬೇಕು. ಬರುವವರೆಗೂ ನೀವು ಗಲಾಟೆ ಮಾಡಿ, ನಾವೂ ಬರೆಯುತ್ತೇವೆ. ಕಾರಿನ ವಿಷಯಕ್ಕೆ ಒಂದು ಮಾತು. 2017ರ ಜೂನ್‌ನಿಂದ ನ್ಯಾಷನಲ್ ಕಾಲೇಜು, ಸೌತ್ ಎಂಡ್ ಸರ್ಕಲ್‌ಗಳಲ್ಲಿ ಮೆಟ್ರೊ ನಿಲ್ಲುತ್ತಿದೆ. ಸಾರ್ವಜನಿಕರ ಸಾವಿರಾರು ಕೋಟಿ ಅದರಲ್ಲಿದೆ. ನಿಲ್ದಾಣಕ್ಕೆ ನಡೆದು ಹೋಗುವ ದೂರದಲ್ಲಿ ಹೆಚ್ಚು ಜನ ಇರಲಿ, ಕಾರು ಕಡಿಮೆ ಇರಲಿ ಎಂಬಂತೆ ನಿಯಮ ಬದಲಾಗಬೇಕು. ಈಗಿನ ಪಾರ್ಕಿಂಗ್ ನಿಯಮವೇ ನೆಲಮಹಡಿಯನ್ನು ಕಾರಿನ ಕೊಟ್ಟಿಗೆ ಮಾಡುತ್ತಿದೆ.

ಈಗ ನಿಮ್ಮ ಮನೆ. 40x60 ಅಂದರೆ 2400 ಚದರಡಿ. ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ) 1.75 ಎಂದು ಹಿಡಿದರೆ ಕಟ್ಟಬಹುದಾದದ್ದು 4200 ಚದರಡಿ. ಬಿಲ್ಡರ್ ಇದರಲ್ಲಿ ಮೂರು ದೊಡ್ಡ ಫ್ಲ್ಯಾಟಿನ ಲೆಕ್ಕ ಹೇಳಿರುತ್ತಾರೆ. ನೀವು ಬೇರೆ ಲೆಕ್ಕ ಕೇಳಿ. 700 ಚದರಡಿಯ ಐದು ಮನೆ, ಬೀದಿಗೆ ತೆರೆದ 200 ಚದರಡಿಯ ಒಂದು ಮಳಿಗೆ, ಉಳಿದದ್ದು ಮೆಟ್ಟಿಲಿಗೆ, ಲಿಫ್ಟಿಗೆ. ನಿಮಗೂ ಮಕ್ಕಳಿಗೂ ಒಂದೊಂದು ಮನೆ ಸಿಗುತ್ತದೆ, ಬಿಲ್ಡರಿಗೂ ಗಿಟ್ಟುತ್ತದೆ. ನಿಮ್ಮ ರಸ್ತೆಯಲ್ಲಿ ಮಳಿಗೆಗೆ ಅವಕಾಶ ಇದೆಯೇ ಎಂದು ಮೊದಲು ಒಬ್ಬ ಆರ್ಕಿಟೆಕ್ಟ್ ಹತ್ತಿರ ವಲಯ ನಕ್ಷೆ ನೋಡಿಸಿ. ಬಿಲ್ಡರ್ ಕಡೆಯವರನ್ನು ಬೇಡ, ನೀವೇ ಫೀಸು ಕೊಟ್ಟು ಗೊತ್ತುಮಾಡಿದವರನ್ನು.

ಜಾಯಿಂಟ್ ಡೆವಲಪ್‌ಮೆಂಟ್ ಕರಾರಿನಲ್ಲಿ (ಸೈಟು ನಿಮ್ಮದು, ಕಟ್ಟೋದು ಬಿಲ್ಡರ್, ಮನೆಗಳಲ್ಲಿ ಇಬ್ಬರಿಗೂ ಪಾಲು) ಚದರಡಿ ಮತ್ತು ಶೇಕಡಾವಾರು ಎಲ್ಲರೂ ಬರೆಸುತ್ತಾರೆ. ನೀವು ನೆಲಮಹಡಿಯನ್ನೂ ಬರೆಸಿ. ಗೇಟು 12 ಅಡಿ ಮೀರಬಾರದು. ಕಾರುಗಳು ಹಿಂದೆ ಮತ್ತು ಪಕ್ಕದಲ್ಲಿ. ಇಳಿಜಾರು ಸೈಟಿನ ಒಳಗೇ ಮುಗಿಯಬೇಕು. ಮುಂದೆ ಕೂರಲು ಒಂದು ಜಗಲಿ. ಮುಂದಿನ ಬೇವಿನ ಮರ ಉಳಿಯಬೇಕು, ಅದರ ಬುಡದಿಂದ ಎಷ್ಟು ಅಡಿ ಅಗೆಯಬಾರದು ಎಂದು ನಕ್ಷೆಯಲ್ಲೇ ಗುರುತು ಹಾಕಿಸಿ, ಯಾಕೆಂದರೆ ಬಾಯಿಮಾತಿಗೆ ಜೆಸಿಬಿ ನಿಲ್ಲೋದಿಲ್ಲ. ಬಾವಿ ಇದೆ ಎಂದಿದ್ದೀರಿ, ಅದನ್ನು ಮುಚ್ಚಿಸಬೇಡಿ. ಮಳೆನೀರು ಕೊಯ್ಲು 2009ರಿಂದ ನಿಮ್ಮ ಅಳತೆಯ ಸೈಟಿಗೆ ಹೇಗೂ ಕಡ್ಡಾಯ, ತಾರಸಿ ನೀರನ್ನು ಸೋಸಿ ಬಾವಿಗೇ ಬಿಡಿ. ಹಳೇ ಬಾಗಿಲು, ಚೌಕಟ್ಟು, ಕಿಟಕಿ ಸರಳುಗಳನ್ನು ಒಡೆಯುವ ಕಂಟ್ರಾಕ್ಟರ್ ತೂಕಕ್ಕೆ ಮಾರಿಕೊಳ್ಳುತ್ತಾರೆ. ಯಾವುದು ನಿಮ್ಮದು ಎಂದು ಪಟ್ಟಿ ಮಾಡಿ ಕರಾರಿಗೆ ಸೇರಿಸಿ. ಮಂಜೂರಾದ ನಕ್ಷೆ ಮೀರಿ ಒಂದು ಮಹಡಿ ಜಾಸ್ತಿ ಹಾಕೋಣ, ಆಮೇಲೆ ಸಕ್ರಮ ಮಾಡಿಸೋಣ ಅಂದರೆ ಒಪ್ಪಲೇಬೇಡಿ. ಅಕ್ರಮ ಸಕ್ರಮಕ್ಕೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿತು. 2024ರ ಡಿಸೆಂಬರ್‌ನ ಇನ್ನೊಂದು ತೀರ್ಪಿನ ಮೇಲೆ ಒಸಿ (ಕಟ್ಟಡದಲ್ಲಿ ವಾಸಕ್ಕೆ ಅನುಮತಿ ಕೊಡುವ ಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಸಿಗೋದೂ ಕಷ್ಟ ಆಗಿದೆ.

ಕೊನೆಯದು, ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋದದ್ದು. ಔಟ್‌ಹೌಸಿನಲ್ಲಿ ಒಬ್ಬ ಹೆಂಗಸು ಮಗಳ ಜೊತೆ ಬಾಡಿಗೆಗೆ ಇದ್ದಾರೆ, ಹಪ್ಪಳ ಮಾಡಿ ಗಾಂಧಿ ಬಜಾರಿನ ಅಂಗಡಿಗಳಿಗೆ ಕೊಡುತ್ತಾರೆ ಎಂದು ಬರೆದಿದ್ದೀರಿ. ಮನೆ ಒಡೆದರೆ ಅವರು ಎಲ್ಲಿಗೆ ಹೋಗಬೇಕು? ಕೆಂಗೇರಿ ಆಚೆ ಹೋದರೆ ಅವರ ವ್ಯಾಪಾರ ನಿಂತಂತೆ. ಕಟ್ಟುವ ಎರಡು ವರ್ಷಕ್ಕೆ ನಿಮಗೆ ಬಿಲ್ಡರ್ ಬಾಡಿಗೆ ಕೊಡುತ್ತಾರಲ್ಲ, ಅವರಿಗೂ ಕೊಡಲಿ ಎಂದು ಅದೇ ಕರಾರಿನಲ್ಲಿ ಬರೆಸಿ. ಐದರಲ್ಲಿ ಒಂದು ಮನೆಯನ್ನು ಅವರಿಗೆ ಕೈಗೆಟಕುವ ಬಾಡಿಗೆಗೆ ಕೊಡುವ ವಿಷಯ ಮಕ್ಕಳ ಹತ್ತಿರ ಮಾತಾಡಿ. ತಾರಸಿಯಲ್ಲಿ ಹಪ್ಪಳ ಒಣಗಿಸಲು ಜಾಗವನ್ನೂ ಕೇಳಿ, ಹೊಸ ಅಪಾರ್ಟ್‌ಮೆಂಟುಗಳಲ್ಲಿ ಅದಕ್ಕೂ ಬೀಗ ಹಾಕುತ್ತಾರೆ.

ಸಹಿ ಹಾಕುವ ಮುಂಚೆ ಕರಾರಿನ ಕರಡನ್ನು ನಮ್ಮ ಕಚೇರಿಗೆ ಕಳಿಸಿಕೊಡಿ. ನಮ್ಮಲ್ಲಿ ಕಾನೂನಿನ ಅಂಕಣ ಬರೆಯುವ ವಕೀಲರು ಓದಿ ನೋಡಲು ಒಪ್ಪಿದ್ದಾರೆ.