ಗೋಡೆಗಿಂತ ಮೊದಲು ನೀರು ನೋಡಿ

ಕಸದ ಗುಡ್ಡದ ಬುಡಕ್ಕೆ ಕಲ್ಲಿನ ಗೋಡೆ ಕಟ್ಟಿದರೆ ಜಾರುವುದು ನಿಲ್ಲುತ್ತದಾ ಅಂತ ಕೇಳಿದ್ದೀರಿ. ಬರೀ ಗೋಡೆಯಿಂದ ನಿಲ್ಲುವುದಿಲ್ಲ. ನೀರು ಹೊರಬರಲು ತೂತು ಬಿಡದೆ ಕಟ್ಟಿದರೆ ಹಿಂದೆ ನೀರು ನಿಂತು ಅಪಾಯ ಇನ್ನೂ ಜಾಸ್ತಿ.

ಮಳೆ ನೀರು ಒಳಗೆ ಇಳಿದರೆ ಕಸ ಭಾರವಾಗುತ್ತದೆ, ಪದರಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಇಂಡೋನೇಷ್ಯಾದ ಬಾಂಡುಂಗ್ ಹತ್ತಿರದ ಲೆಯುವಿಗಾಜಾ ಕಸದ ಗುಡ್ಡದಲ್ಲಿ 2005ರ ಫೆಬ್ರವರಿ 21ರಂದು ಆದದ್ದು ಅದೇ. ಮೂರು ದಿನ ಜೋರು ಮಳೆ, ಒಳಗೆ ಹೊಗೆಯಾಡುತ್ತಿದ್ದ ಬೆಂಕಿ ಬೇರೆ. ಕಸ ಸುಮಾರು 1 ಕಿಲೋಮೀಟರ್ ದೂರ ಹರಿದು ಮನೆಗಳ ಮೇಲೆ ಬಿತ್ತು. 140ಕ್ಕೂ ಹೆಚ್ಚು ಜನ ಸತ್ತರು. ಅಷ್ಟು ದೂರ ಬರುವ ಕಸವನ್ನು ಯಾವ ಗೋಡೆ ತಡೆಯುತ್ತದೆ ಹೇಳಿ? ಹಾಗಾಗಿ ಬುಡದಲ್ಲಿ ಮನೆ ಇರದಂತೆ ನೋಡಿಕೊಳ್ಳುವುದೂ ಎಂಜಿನಿಯರಿಂಗ್ ಕೆಲಸವೇ.

ಮೇಲೆ ಮಣ್ಣು ಮುಚ್ಚಿ, ನೀರು ನಿಲ್ಲದಂತೆ ಇಳಿಜಾರು ಕೊಟ್ಟು, ಸುತ್ತ ಚರಂಡಿ ತೋಡಬೇಕು. ಕಸದೊಳಗಿಂದ ಸೋರುವ ಕಪ್ಪು ರಸ ಹೊರತೆಗೆಯಲು ತೂತಿನ ಪೈಪು, ಗ್ಯಾಸಿಗೆ ಬೇರೆ ಕೊಳವೆ. ಪಕ್ಕದ ಇಳಿಜಾರು 1 ಮೀಟರ್ ಎತ್ತರಕ್ಕೆ 3 ಮೀಟರ್ ಅಗಲದಷ್ಟಿದ್ದರೆ ಸಾಮಾನ್ಯವಾಗಿ ಒಳ್ಳೆಯದು. ಬುಡಕ್ಕೆ ಗೋಡೆಗಿಂತ ದಪ್ಪ ಮಣ್ಣಿನ ದಿಬ್ಬವೇ ವಾಸಿ.

ಇನ್ನೊಂದು, ಹಳೆ ಕಸ ತೆಗೆಯುವಾಗ ಜೆಸಿಬಿಯವರು ಸುಲಭ ಅಂತ ಬುಡದಿಂದಲೇ ಅಗೆಯುತ್ತಾರೆ. ದಯವಿಟ್ಟು ಹಾಗೆ ಅಗೆಯಲು ಬಿಡಬೇಡಿ. ಮೇಲಿನಿಂದಲೇ ಇಳಿಸಿಕೊಂಡು ಬರಬೇಕು.

ಸದ್ಯಕ್ಕೆ ಗುಡ್ಡದ ಮೇಲ್ತುದಿಯಲ್ಲಿ ಬಿರುಕು ಕಂಡರೆ ಎರಡೂ ಕಡೆ ಗೂಟ ನೆಟ್ಟು, ನಡುವಿನ ಅಂತರ ದಿನಾ ಟೇಪಿನಲ್ಲಿ ಅಳೆಯಿರಿ. ಅಂತರ ಹೆಚ್ಚುತ್ತಿದ್ದರೆ ಕೆಳಗಿನವರನ್ನು ಅವತ್ತೇ ಎಬ್ಬಿಸಿ ಕಳಿಸಿ.