ಹದಿನೆಂಟನೇ ಶತಮಾನದ ಸ್ಕಾಟ್ಲೆಂಡಿನ ಡಚೆಸ್ (ಡ್ಯೂಕ್ ಎಂಬ ದೊಡ್ಡ ಪದವಿಯವನ ಹೆಂಡತಿ) ಜೇನ್ ಗಾರ್ಡನ್ ತನ್ನ ಹೆಣ್ಣುಮಕ್ಕಳಿಗೆ ಅಷ್ಟು ದೊಡ್ಡ ಮನೆತನದ ಸಂಬಂಧಗಳನ್ನು ಹೇಗೆ ಕುದುರಿಸಿದಳು?

ರಾಜಕೀಯದ ಮೂಲಕ. ಲಂಡನ್ನಿನ ಅವಳ ಮನೆ ಬ್ರಿಟನ್ನಿನ ಪ್ರಧಾನಿ ಪಿಟ್ ಅವರ ಬೆಂಬಲಿಗರು ಸಂಜೆ ಸೇರುವ ಜಾಗವಾಗಿತ್ತು. ರಾಜಕೀಯಕ್ಕೆಂದು ಬರುತ್ತಿದ್ದ ದೊಡ್ಡ ಮನೆತನದ ಯುವಕರಿಗೆ ಅಲ್ಲೇ ಅವಳ ಹೆಣ್ಣುಮಕ್ಕಳ ಪರಿಚಯವಾಗುತ್ತಿತ್ತು.

ಇಷ್ಟು ಹಟ ಯಾಕೆಂದರೆ, ಅಂಥ ಮನೆತನಗಳಲ್ಲಿ ಪದವಿ, ಜಮೀನು ಎರಡೂ ಹೋಗುತ್ತಿದ್ದದ್ದು ಹಿರಿಯ ಮಗನಿಗೆ. ಜೇನ್‌ಗೆ ಇಬ್ಬರು ಗಂಡು, ಐವರು ಹೆಣ್ಣುಮಕ್ಕಳು. ಆ ಐವರ ಸ್ಥಾನಮಾನವೆಲ್ಲ ಮದುವೆಯ ಮೇಲೆಯೇ ನಿಂತಿತ್ತು. ಸ್ವತಃ ಅವಳೂ ಹಾಗೆ ಮೇಲೇರಿದವಳೇ. ಎಡಿನ್‌ಬರೋದ ಬೀದಿಯಲ್ಲಿ ಆಡುತ್ತಾ ಗಾಡಿಯ ಚಕ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡ ಹುಡುಗಿ, 1767ರಲ್ಲಿ ನಾಲ್ಕನೇ ಡ್ಯೂಕ್ ಆಫ್ ಗಾರ್ಡನ್‌ನ ಕೈಹಿಡಿದು ಡಚೆಸ್ ಆದಳು. ಕೈಗವಸಿನೊಳಗೆ ಮರದ ಬೆರಳು ಇಟ್ಟುಕೊಳ್ಳುತ್ತಿದ್ದಳಂತೆ.

ಷಾರ್ಲೆಟ್, ಸೂಸನ್, ಜಾರ್ಜಿಯಾನಾ ಕ್ರಮವಾಗಿ ರಿಚ್‌ಮಂಡ್, ಮ್ಯಾಂಚೆಸ್ಟರ್, ಬೆಡ್‌ಫರ್ಡ್‌ನ ಡಚೆಸ್‌ಗಳಾದರು. ಲೂಯಿಸಾ ಕೈಹಿಡಿದದ್ದು ಕಾರ್ನ್‌ವಾಲಿಸ್‌ನ ಮಗನನ್ನು. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಅದೇ ಕಾರ್ನ್‌ವಾಲಿಸ್. ಗಂಡನ ಗಾರ್ಡನ್ ವಂಶದಲ್ಲಿ ಹುಚ್ಚು ಇದೆ ಎಂದು ಬೀಗರು ಹಿಂಜರಿದಾಗ, "ಲೂಯಿಸಾಳ ಮೈಯಲ್ಲಿ ಗಾರ್ಡನ್ ರಕ್ತ ಒಂದು ಹನಿಯೂ ಇಲ್ಲ", ಅಂದರೆ ಅವಳು ಗಂಡನ ಮಗಳೇ ಅಲ್ಲ, ಎಂದು ಜೇನ್ ಹೇಳಿದಳೆಂದು ಜನ ಹೇಳಿಕೊಳ್ಳುತ್ತಿದ್ದರು. ನಿಜವೋ ಕಟ್ಟುಕತೆಯೋ, ಅವಳ ಎದೆಗಾರಿಕೆಯ ಬಗ್ಗೆ ಜನಕ್ಕಿದ್ದ ನಂಬಿಕೆ ಅದರಲ್ಲಿದೆ.

ಅವಳ ಸ್ವಂತ ದಾಂಪತ್ಯ ಮಾತ್ರ ಮುರಿದಿತ್ತು. ಡ್ಯೂಕ್‌ಗೆ ಜೇನ್ ಕ್ರಿಸ್ಟಿ ಎಂಬವಳ ಸಂಬಂಧವಿತ್ತು. ಗಂಡ ಹೆಂಡತಿ ಬೇರೆಯಾಗಿಯೇ ಬದುಕಿದರು. 1812ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಅವಳನ್ನು, ಸ್ಕಾಟ್ಲೆಂಡಿನ ಸ್ಪೇ ನದಿಯ ದಡದಲ್ಲಿ ಅವಳಿಗೆ ಬಲು ಇಷ್ಟವಾಗಿದ್ದ ಕಿನ್‌ರಾರಾದಲ್ಲಿ ಮಣ್ಣು ಮಾಡಿದರು.