ಫೋಕಸ್ ಲೈಟ್ ಮುಂದಿನ ಸೇವಂತಿಗೆ

ಪ್ರಶ್ನೆ: ಬೋರ್‌ವೆಲ್ ಕೇಬಲ್ ಕಳುವಾದ ಮೇಲೆ ಮೋಟಾರ್ ಶೆಡ್ಡಿಗೆ 100 ವ್ಯಾಟ್ಸ್ ಎಲ್‌ಇಡಿ ಫೋಕಸ್ ಲೈಟ್ ಹಾಕಿಸಿದೆವು. ರಾತ್ರಿಯಿಡೀ ಉರಿಯುತ್ತದೆ. ಈಗ ಶೆಡ್ ಮುಂದಿನ ಸಾಲುಗಳಲ್ಲಿ ಸೇವಂತಿಗೆ ಬರೀ ಎತ್ತರಕ್ಕೆ ಹೋಗುತ್ತಿದೆ, ಮೊಗ್ಗಿಲ್ಲ. ದೂರದ ಸಾಲುಗಳು ಚೆನ್ನಾಗಿವೆ. ಬೆಳಕೇ ಕಾರಣವಾ? ಆರಿಸಿದರೆ ಕಳ್ಳರ ಭಯ. ದೀಪಾವಳಿಗೆ ಹೂವು ಬೇಕು.
– ರೈತ ಮಹಿಳೆ, ಹಿರಿಯೂರು ತಾಲ್ಲೂಕು

ಉತ್ತರ: ಬೆಳಕೇ ಕಾರಣ ಅಕ್ಕಾ. ಸೇವಂತಿಗೆ ರಾತ್ರಿಯ ಉದ್ದ ನೋಡಿ ಮೊಗ್ಗು ಕಟ್ಟುವ ಗಿಡ. ಕತ್ತಲು ತಡೆಯಿಲ್ಲದೆ ಸಿಗಬೇಕು. ನಡುರಾತ್ರಿ ಬೆಳಕು ಬಿದ್ದರೆ ಅದು ಎಲೆ ಬಿಟ್ಟುಕೊಂಡೇ ಬೆಳೆಯುತ್ತದೆ. ಹೂವು ತಡವಾಗಿ ಬರಲಿ ಅಂತ ಪಾಲಿಹೌಸ್‌ಗಳಲ್ಲಿ ಬೇಕೆಂದೇ ರಾತ್ರಿ 10ರಿಂದ 2 ಗಂಟೆವರೆಗೆ ಬಲ್ಬ್ ಉರಿಸುತ್ತಾರೆ. ನಿಮ್ಮ ಫೋಕಸ್ ಲೈಟ್ ಅದೇ ಕೆಲಸ ಮಾಡುತ್ತಿದೆ.

ಬಿಳಿ ತೆಗೆದು ಹಳದಿ ಬಲ್ಬ್ ಹಾಕಿ ಅಂತ ಯಾರಾದರೂ ಹೇಳಬಹುದು. ಅದು ಕಣ್ಣಿಗೆ ಹಿತ, ಹುಳುಗಳೂ ಕಡಿಮೆ ಮುತ್ತುತ್ತವೆ. ದುರ್ಗದ ಬಯಲಿನಲ್ಲಿ ಚುಕ್ಕಿ ತುಂಬಿದ ಆಕಾಶ ಉಳಿಯಲಿ ಅನ್ನುವ ನನ್ನಂಥವರಿಗೂ ಅದೇ ಇಷ್ಟ. ಆದರೆ ಮೊಗ್ಗು ತಡೆಯುವುದು ಮುಖ್ಯವಾಗಿ ಕೆಂಪು ಬೆಳಕು, ಹಳದಿ ಬಲ್ಬಿನಲ್ಲೂ ಅದು ಸಾಕಷ್ಟಿರುತ್ತದೆ. ಗಿಡದ ಮೇಲೆ ಬೆಳಕೇ ಬೀಳಬಾರದು.

ಇನ್ನು ಕಳ್ಳರ ಮಾತು. ಇವತ್ತು ರಾತ್ರಿ ಬದುವಿನ ಮೇಲೆ ಶೆಡ್ ಕಡೆ ಮುಖ ಮಾಡಿ ನಿಂತುಕೊಳ್ಳಿ. ಕಣ್ಣು ಕೋರೈಸುತ್ತದೆ, ಬೇರೇನೂ ಸರಿಯಾಗಿ ಕಾಣಲ್ಲ. ಈಗ ಅಂಗೈ ಎತ್ತಿ ಲೈಟನ್ನು ಮಾತ್ರ ಮರೆ ಮಾಡಿ. ಸ್ಟಾರ್ಟರ್ ಪೆಟ್ಟಿಗೆ, ಗೋಡೆ ಪಕ್ಕದ ಪೈಪು, ಬಾಗಿಲ ಚಿಲಕ ಒಂದೊಂದಾಗಿ ಕಾಣತೊಡಗುತ್ತವೆ, ಅಲ್ವಾ? ಕೈ ಇಳಿಸಿದರೆ ಆ ಗೋಡೆ ಪಕ್ಕ ಯಾರು ಕೂತಿದ್ದರೂ ನಿಮಗೆ ಗೊತ್ತಾಗಲ್ಲ.

ಹಾಗಾಗಿ ಲೈಟನ್ನು ಸೂರಿನ ಕೆಳಗೆ ಇಳಿಸಿ, ಮುಖ ನೇರ ನೆಲಕ್ಕೆ ತಿರುಗಿಸಿ. ಹೊಲದ ಕಡೆ ತಗಡು ಅಡ್ಡ ಕಟ್ಟಿ. ಬಾಗಿಲ ಮುಂದಕ್ಕೆ 10 ವ್ಯಾಟ್ಸ್ ಸಾಕು, ಸುಮ್ನೆ ಜಾಸ್ತಿ ಬೇಡ. ಮೋಷನ್ ಸೆನ್ಸರ್ ಇರುವುದು ಸಿಕ್ಕರೆ ಅದನ್ನೇ ತನ್ನಿ. ಯಾರಾದರೂ ಹತ್ತಿರ ಬಂದಾಗ ಮಾತ್ರ ಹತ್ತುತ್ತದೆ. ಕತ್ತಲಲ್ಲಿ ತಟ್ಟನೆ ಹತ್ತಿದ ದೀಪ ದೂರಕ್ಕೂ ಕಣ್ಣಿಗೆ ಬೀಳುತ್ತದೆ. ರಾತ್ರಿ ನೀರು ಕಟ್ಟಲು ಹೋಗುವಾಗ ಮಾತ್ರ ಕೈಯಲ್ಲಿ ಟಾರ್ಚ್ ಇರಲೇಬೇಕು, ಹಾವಿನ ಭಯ ಸಣ್ಣದಲ್ಲ.

ಬೆಳಕು ತಪ್ಪಿದ ಮೇಲೆ ಆ ಸಾಲುಗಳಲ್ಲೂ ಮೊಗ್ಗು ಬರುತ್ತದೆ. ಆದರೆ ಹೂವು ಅರಳಲು, ತಳಿ ನೋಡಿಕೊಂಡು, ಸುಮಾರು ಎರಡು ತಿಂಗಳು ಬೇಕು. ದೀಪಾವಳಿಗೆ ದೂರದ ಸಾಲುಗಳ ಲೆಕ್ಕ ಇಟ್ಟುಕೊಂಡೇ ವ್ಯಾಪಾರಿಗಳ ಹತ್ತಿರ ಮಾತಾಡಿ.